ಏಳನೇ ಮಡಿಯ ಉಪವಾಸ

ಕೆನ್ನೆಗೆ ಹಚ್ಚಿಕೊಂಡ ಸೋಪಿನ ನೊರೆಯನ್ನು ಕನ್ನಡಿಯಲ್ಲಿ ನೋಡುತ್ತ ನಿಂತಿದ್ದ ಶಿವಯೋಗೀಶನಿಗೆ ಇದ್ದಕ್ಕಿದ್ದಂತೆ ವೈಟ್ನರ್ ನೆನಪಾಯಿತು. ಸಣ್ಣ ಬಾಟಲಿ, ಮುಚ್ಚಳಕ್ಕೇ ಅಂಟಿಕೊಂಡ ಪುಟ್ಟ ಬ್ರಷ್ಷು, ಮೂಗಿಗೆ ಹತ್ತುವ ಆ ಘಾಟು. ಹೋದ ವರ್ಷಕ್ಕಿಂತ ಹಿಂದಿನ ವರ್ಷ ಅದರಿಂದ ಒಂದೇ ಒಂದು ಅಂಕಿ ಅಳಿಸಿದ್ದ; ಹೋದ ವರ್ಷ ಇನ್ನೊಂದು. ಎರಡು ವರ್ಷಕ್ಕೆ ಎರಡು ಅಂಕಿ, ಅದೂ ನಾಲ್ಕು ಇದ್ದದ್ದನ್ನು ಎರಡು ಮಾಡಿದ್ದು. ಇಲ್ಲದ್ದನ್ನು ಹೆಚ್ಚಿಸಿಕೊಂಡವರನ್ನು ಜನ ಬೈಯುತ್ತಾರೆ, ಇದ್ದದ್ದನ್ನು ಇಳಿಸಿದವನನ್ನು ಯಾಕೆ ಬೈಯಬೇಕು ಎಂದು ಕನ್ನಡಿಯೊಳಗಿನ ಮನುಷ್ಯನನ್ನು ಕೇಳಿದ. ಅವನೂ ಮುಖದ ತುಂಬ ನೊರೆ ಹಚ್ಚಿಕೊಂಡು ನಿಂತಿದ್ದ. ರೇಜರು ಗದ್ದದ ಹತ್ತಿರ ಚುರ್ರೆಂದಿತು. ಬಿಳಿಯ ಮೇಲೆ ಕೆಂಪು ಚುಕ್ಕೆ. ಮುಚ್ಚಿದ ಬಿಳಿಯ ಕೆಳಗಿನಿಂದ ಏನಾದರೂ ಹೀಗೆ ಮೇಲೆ ಬಂದೇ ಬರುತ್ತದೆ ಎನ್ನಿಸಿ, ಇಂಥ ಉಪಮೆಗಳೆಲ್ಲ ತನಗೆ ಇವತ್ತೇ ಯಾಕೆ ಹೊಳೆಯಬೇಕೋ ಎಂದು ಸಿಟ್ಟು ಬಂತು.

ಹೆಂಡತಿ ಆರತಿ ಅಡುಗೆಮನೆಯಿಂದಲೇ ಕೂಗಿದಳು. "ಉಪ್ಪಿಟ್ಟು ಆರಾಕತ್ತೇತಿ. ಇವತ್ತರ ಏನಾರ ತಿಂದು ಹೋಗ್ರಿ."

"ಹಸಿವಿಲ್ಲ."

"ಹಸಿವಿಲ್ಲೋ, ಹೆದರಿಕೀಯೋ? ನಿಮ್ಮ ಹಳೇ ವಿದ್ಯಾರ್ಥಿನಿ ಬರ್ತಾಳಂತ ಹೆದರೂದಾ? ಆಕಿ ನಿಮ್ಮನ್ನ ತಿಂತಾಳೇನು?"

ತಿನ್ನುವುದಿಲ್ಲ, ಬೆಳಕಿಗೆ ಹಿಡಿಯುತ್ತಾಳೆ ಎಂದು ಶಿವಯೋಗೀಶ ಮನಸ್ಸಿನಲ್ಲೇ ಹೇಳಿಕೊಂಡು ಚಪ್ಪಲಿ ಮೆಟ್ಟಿದ.

ನವನಗರದಲ್ಲಿ ಚಿಗರಿ ಬಸ್ಸು ಹತ್ತಿ ನಿಂತವನಿಗೆ ಕೂಡಲು ಸೀಟು ಸಿಗಲಿಲ್ಲ. ಗಾಜಿನ ಬಾಗಿಲಲ್ಲಿ ತನ್ನ ಮುಖ, ಅದರ ಹಿಂದೆ ಓಡುವ ರಸ್ತೆ, ಮುಖದ ಗದ್ದಕ್ಕೆ ಅಂಟಿದ ಪೇಪರಿನ ಚೂರು. ಧಾರವಾಡದ ಹೊರಗೆ, ಅವನ ಸಂಶೋಧನಾ ಕೇಂದ್ರದ ಕರಿಯ ಎರೆಹೊಲದಲ್ಲಿ, ಅವನ ಪ್ರಯೋಗದ ಹನ್ನೆರಡು ತಾಕುಗಳು ಈ ಹೊತ್ತಿಗೆ ಬಿಸಿಲು ಕಾಯಿಸಿಕೊಳ್ಳುತ್ತಿರಬೇಕು. ಕೂಲಿ ಹೆಣ್ಣುಮಕ್ಕಳು ಅವನ್ನು ಮಡಿ ಎನ್ನುತ್ತಾರೆ. ಎಲ್ಲದರಲ್ಲೂ ಹಿಂಗಾರಿನ ಬಿಳಿಜೋಳ. ಮೂರಕ್ಕೆ ಅಂಗಡಿಯ ಗೊಬ್ಬರ, ಮೂರಕ್ಕೆ ಎರೆಹುಳುವಿನ ಗೊಬ್ಬರ, ಮೂರಕ್ಕೆ ಎರೆಹುಳುವಿನ ಗೊಬ್ಬರವೂ ಅದರ ಮೇಲೆ ಹುಲ್ಲಿನ ಹೊದಿಕೆಯೂ. ಉಳಿದ ಮೂರಕ್ಕೆ ಏನೂ ಇಲ್ಲ. ಅವು ಕಂಟ್ರೋಲ್. ಅವು ಬಡಕಲಾಗಿ ನಿಂತರೇ ಉಳಿದವುಗಳ ಮೈ ಎಷ್ಟು ತುಂಬಿದೆ ಎಂದು ಹೇಳಲು ಬರುವುದು. ಎರಡು ಹಾಗೆಯೇ ಬಡಕಲಾಗಿ ನಿಂತವು, ವಿಧೇಯ ಮಕ್ಕಳ ಹಾಗೆ. ಏಳನೇ ನಂಬರಿನದು ಮಾತ್ರ, ಅದಕ್ಕೆ ಯಾರೂ ಏನೂ ಕೊಡದಿದ್ದರೂ, ಮೊದಲನೇ ವರ್ಷವೇ ನಾಲ್ಕು ಕಿಲೋ ನೂರು ಗ್ರಾಂ ಜೋಳ ಕೊಟ್ಟಿತು, ಎರೆಹುಳುವಿನ ಗೊಬ್ಬರ ಉಂಡ ತಾಕುಗಳಷ್ಟೇ. ಅದರ ಜೊತೆಯ ಎರಡೂ ಎರಡೆರಡು ಕಿಲೋ ಕೊಟ್ಟು ಸುಮ್ಮನಾಗಿದ್ದವು. ತಕ್ಕಡಿ ಕೆಟ್ಟಿರಬೇಕು ಎಂದುಕೊಂಡ. ತೂಕ ಮಾಡಿ ಬರೆದ ಹೊಲದ ಸಹಾಯಕ ಅಲ್ಲಾವುದ್ದೀನನ ಕಣ್ಣು ಕೆಟ್ಟಿರಬೇಕು ಎಂದುಕೊಂಡ. ಒಂದು ಹುಚ್ಚು ತಾಕಿನ ದೆಸೆಯಿಂದ ಎರೆಹುಳುವಿನ ಗೊಬ್ಬರದ ಮಹಿಮೆಯೆಲ್ಲ ಮಸುಕಾಗುವುದು ಯಾವ ನ್ಯಾಯ? ನಾಲ್ಕನ್ನು ಎರಡು ಮಾಡಿದ. ವರದಿ ಚೊಕ್ಕವಾಗಿ ಬಂತು, ದೊಡ್ಡವರು ಬೆನ್ನು ತಟ್ಟಿದರು. ಎರಡನೇ ವರ್ಷ ಏಳನೇ ನಂಬರು ಮತ್ತೆ ನಾಲ್ಕು ಕಿಲೋದ ಮೇಲೆಯೇ ಕೊಟ್ಟಿತು, ಹಟ ಹಿಡಿದ ಹಾಗೆ. ಅಷ್ಟು ಹೊತ್ತಿಗೆ ಹೊಸ ವೈಟ್ನರ್ ಬಾಟಲಿ ಬಂದಿತ್ತು.

ಇದೆಲ್ಲ ಹಾಗೇ ನಡೆದುಹೋಗುತ್ತಿತ್ತು. ಆದರೆ ಮೂರು ವಾರದ ಹಿಂದೆ ಪತ್ರ ಬಂತು. ಪ್ರಯೋಗವನ್ನು ಇನ್ನೂ ಐದು ವರ್ಷ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಮೂವರ ಸಮಿತಿ, ಮುಖ್ಯಸ್ಥೆ ಡಾಕ್ಟರ್ ಸೌಮ್ಯಾ. ಆ ಹೆಸರು ಓದಿದಾಗ ಅವನ ಬೆರಳಿನ ಉಗುರು ತುರಿಸಿತು. ಹದಿನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ, ನಲವತ್ತು ಹುಡುಗರು ಕೂತ ಕೋಣೆ, ಮುಂದಿನ ಬೆಂಚಿನಲ್ಲಿ ಸಪ್ತಾಪುರದ ಬಾಡಿಗೆ ಕೋಣೆಯಿಂದ ನಡೆದು ಬರುತ್ತಿದ್ದ ಸಣ್ಣ ಜಡೆಯ ಹುಡುಗಿ. ಆಕೆಯ ಪ್ರಯೋಗದ ಪುಸ್ತಕದಲ್ಲಿ ಒಂದು ಅಂಕಿಯ ಮೇಲೆ ಬಿಳಿ ಮಚ್ಚೆ. ಅವನು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಉಗುರಿನಿಂದ ಕೆರೆದಿದ್ದ. "ಹೊಲಾ ಸುಳ್ಳು ಹೇಳಂಗಿಲ್ಲ ಸೌಮ್ಯಾ. ಒಂದು ಅಂಕಿ ಅಳಿಸಿದಿ, ಪೂರ್ತಿ ಹಂಗಾಮು ಮತ್ತ ಮಾಡು." ಹುಡುಗಿ ಅಳಲಿಲ್ಲ. ರಜೆಗೆ ಊರಿಗೆ ಹೋಗದೆ, ಬಿಸಿಲಲ್ಲಿ ಒಬ್ಬಳೇ ಕೂತು ಮತ್ತೆ ಬಿತ್ತಿ ಮತ್ತೆ ಎಣಿಸಿ ಪೂರ್ತಿ ಹಂಗಾಮು ಮಾಡಿದಳು. ಆಮೇಲೆ ಅವನು ಈ ಕತೆಯನ್ನು ಪ್ರತಿ ವರ್ಷದ ಹೊಸ ಹುಡುಗರಿಗೆ ಹೇಳುತ್ತಿದ್ದ, ಹೇಳುವಾಗ ದನಿ ತುಸು ನಡುಗಿಸುತ್ತಿದ್ದ. ಎರಡು ವರ್ಷದಿಂದ ಹೇಳುವುದು ಬಿಟ್ಟಿದ್ದ. ಯಾರೂ ಅದನ್ನು ಗಮನಿಸಿರಲಿಲ್ಲ ಎಂಬುದು ಸಮಾಧಾನವೂ ಆಗಿತ್ತು, ಸ್ವಲ್ಪ ಅವಮಾನವೂ ಆಗಿತ್ತು.

ಹೊಲದ ಹತ್ತಿರ ಆಟೋ ಇಳಿದಾಗ ಅಲ್ಲಾವುದ್ದೀನ ನಿಚ್ಚಣಿಕೆಯ ಮೇಲೆ ನಿಂತು ಬ್ಯಾನರ್ ಕಟ್ಟುತ್ತಿದ್ದ. ಕಂಕುಳಲ್ಲಿ ಬಟ್ಟೆಯ ಚೀಲ, ಬಾಯಲ್ಲಿ ಸುತಳಿ. ಬ್ಯಾನರ್ ಶಿವಯೋಗೀಶನದೇ ಉಪಾಯ. ಏಳನೇ ತಾಕಿನ ಮುಂದೆ, ದಾರಿಯ ಬದಿಗೆ, ಹತ್ತು ಅಡಿ ಅಗಲದ ಬ್ಯಾನರ್: 'ಮಣ್ಣಿನ ಉಸಿರು, ನಾಳಿನ ತುತ್ತು' ಎಂಬ ಅಕ್ಷರಗಳು, ಒಂದು ಎರೆಹುಳುವಿನ ಚಿತ್ರ, ಪಕ್ಕದಲ್ಲಿ ನಗುತ್ತಿರುವ ಶಿವಯೋಗೀಶನ ಫೋಟೋ. ಸಮಿತಿಯವರು ಇದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು, ಹಿಂದೆ ನೋಡಬಾರದು. ಆದರೆ ಕಟ್ಟಿ ಮುಗಿಸುವಷ್ಟರಲ್ಲಿ ಒಂದು ತೊಂದರೆ ಕಂಡಿತು. ಏಳನೇ ತಾಕಿನ ಜೋಳ ಬ್ಯಾನರಿಗಿಂತ ಎತ್ತರವಿತ್ತು. ಹಾಲುಗಾಳು ತುಂಬಿದ ದಪ್ಪ ದಪ್ಪ ತೆನೆಗಳು ಅಂಚಿನ ಮೇಲಿಂದ ಇಣುಕಿ ಗಾಳಿಗೆ ತಲೆ ಆಡಿಸುತ್ತಿದ್ದವು. ಸರಿಯಾಗಿ ಫೋಟೋದ ತಲೆಯ ಮೇಲೆ ಐದಾರು ತೆನೆ, ಮದುಮಗನ ತುರಾಯಿಯ ಹಾಗೆ.

"ಇನ್ನೊಂದೀಟು ಮ್ಯಾಲೆ ಕಟ್ಟಲೇನ್ರಿ ಸರ್?" ಎಂದ ಅಲ್ಲಾವುದ್ದೀನ.

"ಮ್ಯಾಲೆ ಕಟ್ಟಿದ್ರ ಕೆಳಗ ಕಾಣ್ತೈತಲ್ಲೋ."

"ಹೌದ್ರಿ. ಕೆಳಗ ಕಟ್ಟಿದ್ರ ಮ್ಯಾಲೆ ಕಾಣ್ತೈತಿ." ನಿಚ್ಚಣಿಕೆ ಇಳಿದು, ದೂರ ನಿಂತು, ಸಾಹೇಬರ ಫೋಟೋವನ್ನೂ ತೆನೆಗಳನ್ನೂ ಬಹಳ ಗೌರವದಿಂದ ನೋಡಿದ. "ಛಲೋ ಒಪ್ಪೇತಿ ಬಿಡ್ರಿ ಸರ್. ಅಂದಂಗ, ಹಳೇ ಪುಸ್ತಕಾನೂ ತಂದೇನ್ರಿ."

"ಯಾವ ಹಳೇ ಪುಸ್ತಕ?"

"ಹೊಲದಾಗ ತೂಕ ಬರ್ಕೊಳ್ಳೂದು. ನನ್ನ ಕೈಬರಹದ್ದು. ಮೊದಲನೇ ವರ್ಷದಿಂದ ಐತ್ರಿ."

"ನಕಲು ಮಾಡಿಸಿದ್ದು ನನ್ನ ಹಂತೇಕ ಐತಿ. ಅದು ಬೇಕಾಗಿಲ್ಲ, ಒಳಗಿಟ್ಟು ಬಾ."

"ಆತ್ರಿ," ಎಂದ ಅಲ್ಲಾವುದ್ದೀನ. ಚೀಲ ಮಾತ್ರ ಅವನ ಕಂಕುಳಲ್ಲೇ ಉಳಿಯಿತು. ಆ ಬಿಳಿ ಮಚ್ಚೆಗಳನ್ನು ಇವನು ನೋಡಿದ್ದಾನೋ ಇಲ್ಲವೋ? ಎರಡು ವರ್ಷದಿಂದ ಶಿವಯೋಗೀಶ ಇದನ್ನು ತಿಳಿಯಲು ಅವನ ಮುಖವನ್ನೇ ಓದುತ್ತಿದ್ದ. ಓದಲು ಬರುವಂಥ ಮುಖವಾಗಿರಲಿಲ್ಲ ಅದು. ಯಾವಾಗಲೂ ಯಾರೋ ಈಗಷ್ಟೇ ಒಂದು ಚಾಷ್ಟಿಯ ಮಾತು ಹೇಳಿ ನಗಿಸಿ ಹೋದ ಹಾಗೆ ಇರುತ್ತಿತ್ತು.

ಅವತ್ತು ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ. ದೂರದ ಊರಿನಲ್ಲಿ ಕೂತು ದಿನ ಗೊತ್ತು ಮಾಡಿದವರಿಗೆ ಅದು ಬರೀ ಸೋಮವಾರ. ಕೂಲಿಯ ಹೆಣ್ಣುಮಕ್ಕಳು ರಜೆ ಕೇಳಿದ್ದರು. ಸಮಿತಿ ಬರುತ್ತದೆ ಎಂದು ಇವನು ಕೊಟ್ಟಿರಲಿಲ್ಲ. ಹಾಗಾದರೆ ಹಬ್ಬ ಇಲ್ಲೇ ಆಗಲಿ, ಬಂದವರಿಗೂ ಇಲ್ಲೇ ಊಟ ಎಂದು ರುಕ್ಮವ್ವ ತೀರ್ಮಾನ ಕೊಟ್ಟಿದ್ದಳು. ಅರವತ್ತರ ಹೆಂಗಸು, ಇಪ್ಪತ್ತು ವರ್ಷದಿಂದ ಇದೇ ಹೊಲದಲ್ಲಿ ದಿನಗೂಲಿ. ಅವಳ ತೀರ್ಮಾನಗಳಿಗೆ ಮೇಲಧಿಕಾರಿಗಳಿರಲಿಲ್ಲ. ಬೇವಿನ ಗಿಡದ ಕೆಳಗೆ ಆಗಲೇ ನಾಲ್ಕು ಬುಟ್ಟಿಗಳು ಬಂದು ಕೂತಿದ್ದವು, ಮೇಲೆ ಬಿಳಿ ಅರಿವೆ, ಒಳಗಿನಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ, ಪುಂಡಿಪಲ್ಲೆಯ, ಎಣ್ಣೆಗಾಯಿಯ ವಾಸನೆ. ಉಪ್ಪಿಟ್ಟು ಬಿಟ್ಟು ಬಂದ ಹೊಟ್ಟೆ ಒಂದು ಸಲ ತಿರುಗಿ ಮಲಗಿತು. ವಾಸನೆಯ ಹಿಂದೆ ಎರಡು ಹೆಜ್ಜೆ ಹೋದ ಶಿವಯೋಗೀಶ ಅಲ್ಲೇ ನಿಂತ. ಬ್ಯಾನರಿನ ಹಿಂದೆ, ಏಳನೇ ತಾಕಿನೊಳಗೆ, ರುಕ್ಮವ್ವ ಸೀರೆ ಎತ್ತಿ ಕಟ್ಟಿಕೊಂಡು ಕೂತಿದ್ದಳು. ಕೈಯಲ್ಲಿ ಕುರ್ಪಿ. ಜೋಳದ ಬುಡದ ಮಣ್ಣನ್ನು ಕೆದರಿ, ಉಡಿಯಿಂದ ಕರ್ರಗಿನದೇನನ್ನೋ ಬೊಗಸೆ ತುಂಬ ತೆಗೆದು ಹಾಕಿ, ಮಣ್ಣು ಮುಚ್ಚಿ, ಕೂಸಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದಳು.

"ರುಕ್ಮವ್ವಾ! ಏನ್ ಮಾಡಾಕತ್ತೀ?"

ರುಕ್ಮವ್ವ ಬೆಚ್ಚಲಿಲ್ಲ. "ಏನಿಲ್ರಿ ಸಾಹೇಬ್ರ, ಸೋಮವಾರ ಅಲ್ರೀ? ಇದಕ್ಕೊಂದೀಟು ಹಾಕಾಕತ್ತೇನಿ."

"ಏನು ಹಾಕಾಕತ್ತೀ?"

"ಗೊಬ್ಬರಾರಿ. ಹುಳದ ಗೊಬ್ಬರಾ. ನಿಮ್ಮದು ಏನೂ ಮುಟ್ಟಿಲ್ರಿ ನಾ. ಸೋಮವಾರ ಎತ್ತು ಹೂಡಂಗಿಲ್ಲ, ನನಗ ಗೊಬ್ಬರ ಜರಡಿ ಹಿಡಿಯೂ ಕೆಲಸಾ. ಜರಡಿ ಮ್ಯಾಲೆ ಉಳದ ದಪ್ಪಂದು ಹೆಂಗೂ ಚೆಲ್ಲೂದಾ, ಅದರಾಗಿಂದ ಎರಡು ಬೊಗಸಿ."

"ಎಂದಿನಿಂದ?"

"ಬೋರ್ಡು ನೆಟ್ಟ ವರ್ಷದಿಂದನ ರೀ."

 ತಾಕುಗಳಿಗೆ ನಂಬರಿನ ಬೋರ್ಡು ನೆಟ್ಟು ಪ್ರಯೋಗ ಶುರು ಮಾಡಿದ್ದು ಮೂರು ವರ್ಷದ ಹಿಂದೆ. "ಇದಕ್ಕ ಏನೂ ಹಾಕಬಾರದು ಅಂತ ನಾ ಹೇಳಿದ್ದಿಲ್ಲೇನು? ಇದು ಕಂಟ್ರೋಲ್! ಒಬ್ಬರಿಗೆ ಏನೂ ಹಾಕದ ನೋಡಿದ್ರನ ಉಳದವರಿಗೆ ಎಷ್ಟು ಮುಟ್ಟೇತಿ ಅನ್ನೂದು ತಿಳೀತೈತಿ ಅಂತ ಎಲ್ಲಾರ್ನೂ ಕುಂಡ್ರಿಸಿ ಹೇಳಿದ್ದಿಲ್ಲೇನು?"

"ಹೇಳಿದ್ರಿ, ಹೇಳಿದ್ರಿ. ಅದಕ್ಕನ ಆ ಕಡೀ ಎರಡು ಉಪವಾಸದ ಮಡಿ ಮುಟ್ಟಿಲ್ರಿ ನಾ. ಅವು ಅತ್ತಾಗ ಅದಾವು, ಕಣ್ಣಿಗೆ ಬೀಳಂಗಿಲ್ಲ. ಇದು ಹಂಗಲ್ಲ. ದಿನಾ ಮಧ್ಯಾಹ್ನ ಈ ಒಡ್ಡಿನ ಮ್ಯಾಲೆ ಕುಂತು ರೊಟ್ಟಿ ಬಿಚ್ಚತೇನಿ. ಇದು ಎದುರಿಗೆ ಒಣಮಾರಿ ಹಾಕ್ಕೊಂಡು ನಿಂತಿರತೈತಿ. ಹಸದವರ ಮುಂದ ಕುಂತು ಹೆಂಗ ಉಣ್ಣಬೇಕ್ರಿ ಸಾಹೇಬ್ರ? ಗಂಟಲದಾಗ ಇಳೀತೈತೇನು?"

"ಎರಡು ಬೊಗಸಿ ಹಾಕಿದ್ರ ಇಷ್ಟು ಬೆಳೀತೈತೇನು! ಹುಳದ ಗೊಬ್ಬರದ ಮಡಿಗೆಲ್ಲಾ ನಾ ವರ್ಷಕ್ಕ ಒಂದೊಂದು ಚೀಲ ಹಾಕತೇನಿ."

"ನೀವು ಒಮ್ಮೆಲೆ ಸುರೀತೀರಿ. ಒಮ್ಮೆಲೆ ಹಾಕಿದ್ರ ಮೈಗೆ ಹತ್ತಂಗಿಲ್ರೀ," ಎಂದು ರುಕ್ಮವ್ವ ಮತ್ತೊಂದು ಬುಡಕ್ಕೆ ಸರಿದಳು.

ಶಿವಯೋಗೀಶನಿಗೆ ಮೊದಲು ಬಂದದ್ದು ಸಿಟ್ಟು. ಆದರೆ ಅದು ಪೂರ್ತಿ ಬರುವ ಮೊದಲೇ ಅದರ ಬೆನ್ನಿಗೆ ಇನ್ನೊಂದು ಬಂತು: ತಣ್ಣಗಿನ, ಹಗುರಾದ, ನಾಚಿಕೆಯಿಲ್ಲದ ಖುಷಿ. ತಪ್ಪು ಮಾಡಿದವರು ಸಿಕ್ಕಿದ್ದರು! ತಕ್ಕಡಿಯಲ್ಲ, ಅಲ್ಲಾವುದ್ದೀನನ ಕಣ್ಣಲ್ಲ, ತಾನಂತೂ ಅಲ್ಲವೇ ಅಲ್ಲ. ತಿಳಿವಳಿಕೆಯಿಲ್ಲದ ಕೂಲಿಯ ಹೆಂಗಸು ಕಂಟ್ರೋಲ್ ತಾಕನ್ನು ಕೆಡಿಸಿದ್ದಳು. ಅದು ಗೊತ್ತಾಗಿಯೇ ಆ ಅಂಕಿಯನ್ನು ಕೈಬಿಟ್ಟೆ ಎಂದುಬಿಟ್ಟರೆ? ಗೊತ್ತಾದದ್ದು ಇವತ್ತು ಎಂದು ಯಾರಿಗೆ ಗೊತ್ತು? ವಾಕ್ಯ ಮನಸ್ಸಿನಲ್ಲಿ ತನ್ನಷ್ಟಕ್ಕೆ ತಾನೇ ಇಸ್ತ್ರಿ ಮಾಡಿಕೊಂಡು ಮಡಿಚಿ ಕೂತಿತು. ರುಕ್ಮವ್ವನನ್ನು ಬಿಡಿಸುತ್ತಾರೆ, ನಿಜ. ದಿನಗೂಲಿಯವಳು, ನಾಳೆ ಬರಬೇಡ ಎಂದರೆ ಮುಗಿಯಿತು. ಆದರೆ ಬೇರೆ ಹೊಲ ಇಲ್ಲವೇ, ಬೇರೆ ಒಡ್ಡು ಇಲ್ಲವೇ? ಇಷ್ಟೆಲ್ಲದರ ಅಡಿಯಲ್ಲಿ ಇನ್ನೊಂದು ಸಣ್ಣ ಲೆಕ್ಕ ತನ್ನ ಪಾಡಿಗೆ ತಾನು ನಡೆದಿತ್ತು. ವಾರಕ್ಕೆ ಎರಡು ಬೊಗಸೆ ಎಂದರೆ ವರ್ಷಕ್ಕೆ ಅರ್ಧ ಚೀಲ. ಅರ್ಧ ಚೀಲ, ಅದೂ ಚೆಲ್ಲುವಂಥದ್ದು, ಪೂರ್ತಿ ಚೀಲದಷ್ಟೇ ಬೆಳೆ ಕೊಟ್ಟಿದೆ. ಮೂವತ್ತು ವರ್ಷ ಮಣ್ಣು ಓದಿದ ಅವನು ಆ ಲೆಕ್ಕವನ್ನು ಇನ್ನೊಮ್ಮೆ ಮಾಡಿದ. ಇಡೀ ಪ್ರಯೋಗದಲ್ಲಿ ಹೊಸದೆನ್ನುವಂಥದ್ದು ಇದ್ದರೆ ಅದು ಇದೊಂದೇ. ಅದನ್ನೇ ಹುಡುಕಿ ಹುಡುಕಿ, ಎರಡು ವರ್ಷ, ಪುಟ್ಟ ಬ್ರಷ್ಷಿನಿಂದ ಅವನು ಬಳಿದುಹಾಕಿದ್ದ.

"ಕೇಳಿಲ್ಲಿ," ಎಂದ, ದನಿಯನ್ನು ಸಾಹೇಬರ ದನಿಗೆ ಏರಿಸಿಕೊಂಡು. "ಇವತ್ತು ಈ ಮಡಿಗೆ ಇನ್ನೊಂದು ಅಗಳೂ ಬೀಳಬಾರದು."

"ಚರಗಾನೂ ಬ್ಯಾಡೇನ್ರಿ?"

ಚರಗ ಎಂದರೆ ಎಳ್ಳಮಾಸಿಯ ದಿನ ಹೊಲದ ತುಂಬ ಚೆಲ್ಲುವ ಎಡೆ. ತುಂಬಿದ ಬಸುರಿಯಾದ ಭೂಮಿಗೆ ಬಯಕೆಯ ಊಟ. ಅವನ ತಾಯಿ ಅವನ ಕೈಯಲ್ಲಿ ಕಡುಬಿನ ಚೂರು ಕೊಟ್ಟು, ದೂರ ಎಸೀ, ಮೂಲ್ಯಾಗ ಇರೂ ಬೆಳಿಗೂ ಮುಟ್ಟಲಿ ಎನ್ನುತ್ತಿದ್ದಳು.

"ಅದೂ ಬ್ಯಾಡ."

"ಅಮಾಸಿ ದಿನಾ ರೀ?"

"ಬ್ಯಾಡ ಅಂದ್ರ ಬ್ಯಾಡ."

ರುಕ್ಮವ್ವ ಎದ್ದು, ಉಡಿ ಝಾಡಿಸಿ, ಅವನ ಗದ್ದದ ಮೇಲಿನ ಪೇಪರಿನ ಚೂರನ್ನು ನೋಡಿದಳು. "ಮಾರಿಗೆ ಏನೋ ಅಂಟೇತಿ, ತಗೀರಿ," ಎಂದು ಹೇಳಿ ಬೇವಿನ ಗಿಡದತ್ತ ಹೋದಳು.

ಸೌಮ್ಯಾ ಹನ್ನೊಂದು ಗಂಟೆಗೆ ಬಂದಳು. ಜೊತೆಗೆ ಬಂದ ಇಬ್ಬರಿಗೆ ಕನ್ನಡ ಬರುತ್ತಿರಲಿಲ್ಲ, ಮಣ್ಣಿಗಿಂತ ಮೊಬೈಲಿನ ಸಿಗ್ನಲ್ಲಿನ ಮೇಲೆ ಅವರ ಗಮನವಿತ್ತು. ಸೌಮ್ಯಾಳ ಜಡೆ ಹೋಗಿತ್ತು, ಕನ್ನಡಕ ಬಂದಿತ್ತು. "ನಮಸ್ಕಾರ್ರಿ ಸರ್, ಅರಾಮದೀರಿ?" ಎಂದು ಬಗ್ಗಿದಳು. ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ ಶಿವಯೋಗೀಶ, "ಬಂದದ್ದು ಛಲೋ ಆತು, ದಾರಿ ಸಿಕ್ಕಿತಲ್ಲ, ನೆರಳಿಗೆ ನಿಂದರೂದು ಛಲೋ," ಎಂದು ಯಾರಿಗೂ ಅಲ್ಲದ ಮಾತುಗಳನ್ನು ಗಾಳಿಗೆ ಬಿಟ್ಟ. ಆಕೆ ನಕ್ಕಳು. ಆ ನಗೆಯಲ್ಲಿ ಹದಿನಾಲ್ಕು ವರ್ಷದ ಹಿಂದಿನ ಕಿಟಕಿ ಇದೆಯೋ ಇಲ್ಲವೋ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಬಾಯಿ ಒಂದನೇ ತಾಕು, ಎರಡನೇ ತಾಕು ಎಂದು ವಿವರಿಸುತ್ತಿತ್ತು. ಮಣ್ಣಿನ ಇಂಗಾಲ, ತೇವ ಹಿಡಿಯುವ ಗುಣ, ಹೊದಿಕೆಯ ಕೆಳಗಿನ ತಂಪು. ಎಲ್ಲವೂ ನಿಜ, ನೂರು ಸಲ ಹೇಳಿದ್ದು. ನಿಜವನ್ನು ಹೇಳುವಾಗಲೂ ಹೀಗೆ ಬೆವರಬಹುದು ಎಂದು ಅವನಿಗೆ ಗೊತ್ತಿರಲಿಲ್ಲ. ಆರನೆಯದರ ಹತ್ತಿರ, "ಇಲ್ಲೊಂದು ಫೋಟೋ ತಗೊಳ್ಳೋಣು," ಎಂದು ಎಲ್ಲರನ್ನೂ ಬ್ಯಾನರಿನ ಮುಂದೆ ನಿಲ್ಲಿಸಿದ. ಇಬ್ಬರು ನಿಂತರು. ಸೌಮ್ಯಾ ನಿಲ್ಲಲಿಲ್ಲ. ಎದುರಿಗೆ ನಿಂತು, ಫೋಟೋದ ಶಿವಯೋಗೀಶನನ್ನೂ ಅವನ ತಲೆಯ ಮೇಲಿನ ತುರಾಯಿಯನ್ನೂ ನೋಡಿ, "ಸರ್, ನಿಮ್ಮ ಹಿಂದ ಯಾರೋ ನಿಂತಾರಲ್ಲ," ಎಂದಳು.

ಹಿಂದೆ ಹೋಗಿ ಬೋರ್ಡು ನೋಡಿದಳು. ಏಳು. ಕಂಟ್ರೋಲ್. ತೆನೆಯೊಂದನ್ನು ಬಗ್ಗಿಸಿ, ಒಂದು ಕಾಳನ್ನು ಉಗುರಿನಿಂದ ಒತ್ತಿದಳು, ಹಾಲು ಚಿಮ್ಮಿತು. ಅದೇ ಉಗುರು ಎಂದು ಶಿವಯೋಗೀಶನಿಗೆ ಅನ್ನಿಸಿತು, ಅದು ತನ್ನ ಉಗುರು, ಕಳ್ಳತನ ಮಾಡಿ ಹಾಕಿಕೊಂಡು ಬಂದಿದ್ದಾಳೆ.

"ಇದು ಕಂಟ್ರೋಲೇನ್ರಿ ಸರ್?"

ಇಸ್ತ್ರಿ ಮಾಡಿಟ್ಟ ವಾಕ್ಯ ಎದ್ದು ಬಂತು. ಎಂಟು ಹೆಜ್ಜೆ ದೂರದಲ್ಲಿ ರುಕ್ಮವ್ವ ಪತ್ರಾವಳಿ ಎಣಿಸುತ್ತಿದ್ದಳು, ಎಣಿಸುವುದನ್ನು ನಿಲ್ಲಿಸಿದ್ದಳು. "ಅದು... ಕೂಲಿಯವರು ಏನೋ ಹಾಕ್ಯಾರ. ತಿಳಿವಳಿಕಿ ಇರಂಗಿಲ್ಲಲ್ಲ. ವಿಚಾರಣೆ ಮಾಡತೇನಿ, ಯಾರು ಅಂತ ನೋಡಿ ಬಿಡಸತೇನಿ," ಎಂದ. ಯಾರು ಎಂದು ಗೊತ್ತಿದ್ದೂ 'ಯಾರು ಅಂತ ನೋಡಿ' ಎಂದದ್ದು ತನ್ನ ದೊಡ್ಡತನ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಬಾಯಿಯೊಳಗೆ ವೈಟ್ನರಿನ ರುಚಿ ಬಂತು. ಸೌಮ್ಯಾ ಬಗ್ಗಿಸಿದ ತೆನೆಯನ್ನು ಬಿಟ್ಟಳು. ಪತ್ರಾವಳಿ ಎಣಿಸುವ ಸದ್ದು ಮತ್ತೆ ಶುರುವಾಯಿತು, ಒಂದೊಂದೇ, ನಿಧಾನಕ್ಕೆ.

ಊಟಕ್ಕೆ ಮೊದಲು ಚರಗ. ರುಕ್ಮವ್ವ ಪುಟ್ಟ ಬುಟ್ಟಿ ಬಗಲಿಗೆ ಇಟ್ಟುಕೊಂಡು "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕುತ್ತ ಹೊರಟಳು. ಹೊಲವೆಲ್ಲ ತಿರುಗಿ ನೋಡುವಂಥ ದನಿ. ಒಂದನೇ ಮಡಿಗೆ ಕಡುಬು, ಎರಡಕ್ಕೆ ಹುಗ್ಗಿ, ಮೂರಕ್ಕೆ ಮೊಸರು ಕಲಸಿದ ಬಾನ. ಇಬ್ಬರು ಅತಿಥಿಗಳು ಫೋನು ಹಿಡಿದು ಅವಳ ಹಿಂದೆ ಓಡಾಡಿದರು. ಆರಕ್ಕೆ ಚೆಲ್ಲಿದಳು. ಏಳರ ಮುಂದೆ ನಿಂತಳು. ಬುಟ್ಟಿಯನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು, ಸೆರಗು ಹೊದ್ದು, ಬೇರೆಯವರ ಮನೆಯ ಮುಂದೆ ಹಾಯುವ ಹಾಗೆ ಮುಖ ತಿರುಗಿಸಿ ದಾಟಿ ಎಂಟಕ್ಕೆ ಹೋದಳು.

"ಅದೊಂದನ್ಯಾಕ ಬಿಟ್ಟಿ, ಅವ್ವಾ?" ಎಂದಳು ಸೌಮ್ಯಾ.

"ಸಾಹೇಬ್ರು ಬ್ಯಾಡ ಅಂದಾರ್ರೀ," ಎಂದು ರುಕ್ಮವ್ವ ಅತ್ತಲಿಂದಲೇ ಕೂಗಿದಳು. "ಹುಲ್ಲುಲ್ಲಿಗೋ!"

ಬೇವಿನ ನೆರಳಲ್ಲಿ ಒಡ್ಡಿನುದ್ದಕ್ಕೆ ಸಾಲಾಗಿ ಕೂತರು. ಇಬ್ಬರು ಅತಿಥಿಗಳು, ಸೌಮ್ಯಾ, ಶಿವಯೋಗೀಶ, ಅವನ ಆಚೆ ಅಲ್ಲಾವುದ್ದೀನ, ಮುಂದೆ ಹೆಣ್ಣುಮಕ್ಕಳು. ರುಕ್ಮವ್ವ ಬಡಿಸುತ್ತ ಬಂದಳು. ಅತಿಥಿಗಳ ಎಲೆಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕಡುಬು. ಸೌಮ್ಯಾಳಿಗೆ ಒಂದು ಕಡುಬು ಹೆಚ್ಚು. ಶಿವಯೋಗೀಶ ಎಲೆಗೆ ನೀರು ಚಿಮುಕಿಸಿ ಒರೆಸಿ ಕಾದ. ಸೀರೆಯ ಅಂಚು ಅವನ ಎಲೆಯನ್ನು ಹಾಯ್ದು ಅಲ್ಲಾವುದ್ದೀನನ ಮುಂದೆ ನಿಂತಿತು. ಮರೆತಿರಬೇಕು. ಎರಡನೇ ಸುತ್ತಿಗೆ ಪುಂಡಿಪಲ್ಲೆ ಬಂತು. ಅದೂ ಹಾಯ್ದು ಹೋಯಿತು. ಮೂರನೆಯ ಸುತ್ತಿಗೆ ಹುಗ್ಗಿ, ಮೇಲೆ ತುಪ್ಪ. ತುಪ್ಪದ ಒಂದು ಹನಿ ದಾರಿಯಲ್ಲಿ ಅವನ ಎಲೆಯಂಚಿಗೆ ಬೀಳಬಹುದಿತ್ತು, ಅದನ್ನೂ ರುಕ್ಮವ್ವ ಸೌಟು ಓರೆ ಮಾಡಿ ಉಳಿಸಿಕೊಂಡಳು. ಸಾಲಿನಲ್ಲಿ ಹನ್ನೆರಡು ಎಲೆ, ಅದರಲ್ಲಿ ಒಂದು ಮಾತ್ರ ಬರಿದು. ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದ್ದರು. ಹಸಿದವರ ಮುಂದೆ ಹೇಗೆ ಉಣ್ಣಬೇಕು?

"ಅವ್ವಾ, ಸರ್ ಎಲಿಗೆ ಏನೂ ಹಾಕಿಲ್ಲಲ್ಲ," ಎಂದಳು ಸೌಮ್ಯಾ.

"ಬೇಕಂತನ ಹಾಕಿಲ್ರೀ," ಎಂದಳು ರುಕ್ಮವ್ವ, ಸೌಟು ಸೊಂಟಕ್ಕೆ ಊರಿ. "ಒಬ್ಬರಿಗೆ ಏನೂ ಹಾಕದ ನೋಡಿದ್ರನ ಉಳದವರಿಗೆ ಎಷ್ಟು ಮುಟ್ಟೇತಿ ಅನ್ನೂದು ತಿಳೀತೈತಂತ. ಸಾಹೇಬ್ರನ ಕಲಿಸ್ಯಾರ. ನನಗೇನು ತಿಳಿವಳಿಕಿ ಐತ್ರಿ?"

ಹೆಣ್ಣುಮಕ್ಕಳ ಕಡೆಯಿಂದ ಒಂದು ನಗೆ ಹೊರಟು, ಸೆರಗಿನೊಳಗೆ ಮುಚ್ಚಿಹೋಗಿ, ಮತ್ತೆ ಎಲ್ಲರ ಬಾಯಿಂದ ಒಟ್ಟಿಗೆ ಸಿಡಿಯಿತು. ಅಲ್ಲಾವುದ್ದೀನ ಕಡುಬು ನೆತ್ತಿಗೇರಿ ಕೆಮ್ಮಿದ. ಏನೂ ತಿಳಿಯದ ಇಬ್ಬರು ಅತಿಥಿಗಳು ಎಲ್ಲರಿಗಿಂತ ಜೋರಾಗಿ ನಕ್ಕರು. ಶಿವಯೋಗೀಶ ತನ್ನ ಎಲೆಯನ್ನು ನೋಡಿದ. ಮುತ್ತುಗದ ಎಲೆಗಳು, ಅವನ್ನು ಹಿಡಿದ ಕಡ್ಡಿಯ ಹೊಲಿಗೆ, ಮೇಲೆ ಎರಡು ಹನಿ ನೀರು. ಎಡಕ್ಕೆ ಹುಗ್ಗಿಯ ಹಬೆ, ಬಲಕ್ಕೆ ಎಣ್ಣೆಗಾಯಿಯ ಹಬೆ. ಹೊಟ್ಟೆ ಗುರ್ ಎಂದಿತು, ಸೌಮ್ಯಾಳಿಗೆ ಖಂಡಿತ ಕೇಳಿಸಿತು. ಕತ್ತೆತ್ತಿದರೆ ಎದುರಿಗೆ ಬ್ಯಾನರಿನ ಬೆನ್ನು, ಅದರ ಈಚೆ ಏಳನೇ ಮಡಿ, ಮೈತುಂಬಿಕೊಂಡು, ತುಸು ಕನಿಕರದಿಂದಲೇ ಇವನನ್ನು ನೋಡುತ್ತ ನಿಂತಿತ್ತು. ಮೂರು ವರ್ಷ ಎಲ್ಲರೂ ಉಣ್ಣುವುದನ್ನು ನೋಡುತ್ತ ನಿಲ್ಲಬೇಕಾಗಿದ್ದ ಜಾಗ ಅದು. ತಾನು ಇಲ್ಲಿ ಮೂರು ಸುತ್ತು ಕೂತಿದ್ದ, ಅಷ್ಟೆ. ಆಮೇಲೆ ಅವನು ಮಾಡಿದ್ದು ಪ್ರಾಮಾಣಿಕತೆಯಿಂದಲೋ, ಹಸಿವೆಯಿಂದಲೋ, ನಗೆ ತಡೆಯಲಾಗದ್ದರಿಂದಲೋ ಅವನಿಗೇ ತಿಳಿಯಲಿಲ್ಲ. ಅವನಿಗೂ ನಗೆ ಬಂದಿತ್ತು.

"ಅಲ್ಲಾವುದ್ದೀನ, ಹಳೇ ಪುಸ್ತಕ ತಾ."

"ಖರೇನ್ರಿ ಸರ್?"

"ತಾರೋ ಮಾರಾಯಾ."

ತರಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಲ್ಲಾವುದ್ದೀನ ಎಡಗೈಯಿಂದ ಚೀಲ ಬಿಚ್ಚಿ, ಯಾವ ಪುಟವೆಂದು ಯಾರೂ ಹೇಳದಿದ್ದರೂ ಆ ಪುಟವನ್ನೇ ತೆರೆದು ಕೊಟ್ಟ. ಶಿವಯೋಗೀಶ ಅದನ್ನು ಸೌಮ್ಯಾಳ ಕಡೆ ಸರಿಸಿ, "ರುಕ್ಮವ್ವನ್ನ ಬಿಡಸೂದು ಗಿಡಸೂದು ಏನೂ ಇಲ್ಲ," ಎಂದ. "ಆಕೀ ಹಾಕಿದ್ದು ನನಗ ತಿಳಿದದ್ದು ಇವತ್ತು ಮುಂಜಾನಿ. ಇದು ನಾ ಮಾಡಿದ್ದು, ಅದಕಿಂತ ಮೊದಲ. ನೋಡ್ರಿ."

ನೀವು ಎಂಬುದು ತಾನೇ ಬಂದಿತ್ತು. ಸೌಮ್ಯಾ ಎಡಗೈಯಲ್ಲಿ ಹಾಳೆಯನ್ನು ಎತ್ತಿ ಬೇವಿನ ಎಲೆಗಳ ನಡುವಿನ ಬಿಸಿಲಿಗೆ ಹಿಡಿದಳು. ಬಿಳಿ ಮಚ್ಚೆಯ ಹಿಂದಿನಿಂದ ಅಲ್ಲಾವುದ್ದೀನನ ನೀಲಿ ನಾಲ್ಕು ನಿಧಾನಕ್ಕೆ ಕಾಣಿಸಿತು, ಮುಖ ತೊಳೆದುಕೊಂಡು ಬಂದ ಹಾಗೆ. ಮುಂದಿನ ವರ್ಷದ ಪುಟ ತಿರುವಿದಳು, ಅಲ್ಲೂ ನಾಲ್ಕು. ಕೆರೆಯಲಿಲ್ಲ. ಹಾಳೆಯನ್ನು ಕೆಳಗಿಳಿಸಿದಳು. ಹದಿನಾಲ್ಕು ವರ್ಷದಿಂದ ಕಾಯ್ದ ಮಾತು ಈಗ ಬರುತ್ತದೆ ಎಂದು ಶಿವಯೋಗೀಶ ಎಲೆಯ ಮೇಲೆ ಕೈಯಿಟ್ಟುಕೊಂಡು ಕೂತ.

"ಸರ್, ಪೂರ್ತಿ ಹಂಗಾಮು ಮತ್ತ ಮಾಡಬೇಕಾಗ್ತೈತಲ್ಲ."

"ಹೌದು."

"ಒಂದಲ್ಲ, ಮೂರು."

"ಹೌದು."

"ವರದಿಯೊಳಗ ನಾ ಇದನ್ನ ಇದ್ದದ್ದು ಇದ್ದಂಗ ಬರೀತೇನಿ. ಮುಂದ ಅವರು ಕೊಟ್ಟರ ಕೊಡಲಿ, ಬಿಟ್ಟರ ಬಿಡಲಿ."

"ಬರೀರಿ."

ಆಕೆ ತನ್ನ ಪೆನ್ನು ತೆಗೆದು, ಪುಸ್ತಕದ ಜೊತೆ ಅವನ ಬರಿ ಎಲೆಯ ಮೇಲೆ ಇಟ್ಟಳು. "ಅದಕಿಂತ ಮೊದಲ ನೀವು ಒಂದು ಬರೀರಿ. ಏಳನೇ ನಂಬರಿಗೆ ಏನು ಹಾಕ್ಯಾರ, ಎಷ್ಟು ಹಾಕ್ಯಾರ, ಯಾವಾಗ ಹಾಕ್ಯಾರ. ಹೇಳಾಕಿ ಅಲ್ಲಿ ಸೌಟು ಹಿಡಕೊಂಡು ನಿಂತಾಳ."

ರುಕ್ಮವ್ವ ಬಂದು ಎದುರಿಗೆ ಕೂತಳು, ಸಾಕ್ಷಿ ಹೇಳುವವರ ಗತ್ತಿನಲ್ಲಿ. "ಬರ್ಕೋರಿ. ಸೋಮವಾರಕ್ಕ ಎರಡು ಬೊಗಸಿ. ನನ್ನ ಬೊಗಸಿ, ನಿಮ್ಮದಲ್ಲ. ಬಿತ್ತೂಕಿಂತ ಮೊದಲೂ ಹಾಕೇನಿ, ಬಿತ್ತಿದ ಮ್ಯಾಲೂ ಹಾಕೇನಿ. ಕುರ್ಪಿಲೆ ಕೆದರಿ ಮುಚ್ಚಬೇಕು, ಮ್ಯಾಲೆ ಒಗದ್ರ ಬಿಸಿಲಿಗೆ ಹೊಕ್ಕೈತಿ. ಹೋದ ವರ್ಷ ಮಗಳ ಬಾಣಂತನಕ್ಕ ಹೋಗಿದ್ದೆ, ಶ್ರಾವಣದಾಗ. ಮೂರು ಸೋಮವಾರ ಹಾಕಿಲ್ಲ. ಅದನ್ನೂ ಬರ್ಕೋರಿ, ಆಮ್ಯಾಲೆ ಸುಳ್ಳು ಹೇಳಿದ್ಲು ಅನ್ನಬ್ಯಾಡ್ರಿ."

ಶಿವಯೋಗೀಶನ ಪೆನ್ನು ಅಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ 'ಮೂರು ಸೋಮವಾರ ಇಲ್ಲ' ಎಂದು ಬರೆದ. ಎಲೆಯ ಮೇಲಿನ ಪುಸ್ತಕ ಜಾರಿ ಒಂದು ಅಕ್ಷರ ವಕ್ರವಾಯಿತು. ಹಾಗೆಯೇ ಬಿಟ್ಟ.

"ಮುಗೀತೇನ್ರಿ?"

"ಮುಗೀತು."

ರುಕ್ಮವ್ವ ಪುಸ್ತಕವನ್ನು ಎತ್ತಿ ಅಲ್ಲಾವುದ್ದೀನನ ಮಡಿಲಿಗೆ ಹಾಕಿ, ಬುಟ್ಟಿಯಲ್ಲಿ ಕೈಯಾಡಿಸಿ, ಕಡುಬೊಂದನ್ನು ಮುರಿದು, ಅದರ ಅರ್ಧವನ್ನು ಅವನ ಎಲೆಯ ನಟ್ಟನಡುವೆ ಇಟ್ಟಳು. ಅಷ್ಟೆ. ಉಳಿದರ್ಧವನ್ನು ಹಿಡಿದು ಎದ್ದು, ಒಡ್ಡು ಇಳಿದು, ಏಳನೇ ಮಡಿಯ ಕಡೆಗೆ ದೂರಕ್ಕೆ ಎಸೆದು ಬಂದಳು.

"ಇಷ್ಟ ಏನ ರುಕ್ಮವ್ವಾ?" ಎಂದ ಶಿವಯೋಗೀಶ, ಎಲೆ ನೋಡುತ್ತ.

"ತಿನ್ರಿ ತಿನ್ರಿ. ಅದು ಇಳೀಲಿ, ಮತ್ತ ಹಾಕತೇನಿ. ಒಮ್ಮೆಲೆ ಹಾಕಿದ್ರ ಮೈಗೆ ಹತ್ತಂಗಿಲ್ರೀ ಸಾಹೇಬ್ರ."